ಬೆರಳಚ್ಚು, ಸೈಕ್ಲೋಸ್ಟೈಲ್, ಟ್ರೆಡಲ್: ಚಿತ್ರ ಬರೆಯುತ್ತಾ ಕಂಡ ಚರಿತ್ರೆ

ಕಳೆದ ವರ್ಷ ನಮ್ಮ ಸುವರ್ಣ ಮಹೋತ್ಸವ ಸಮಿತಿಯ ಇಬ್ಬರು ಗೆಳೆಯರು ಹಿರಿಯೂರಿನ ನನ್ನ ಅಂಗಡಿಗೆ ಬಂದು ಶಾಲೆಯ ಐವತ್ತು ವರ್ಷದ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಸ್ಕ್ಯಾನ್ ಮಾಡಿ, ಮಾಸಿದ್ದನ್ನು ಸರಿಪಡಿಸಿ ಕೊಡಬೇಕೆಂದು ಕೇಳಿದರು. ಸಾಲು ಕುರ್ಚಿಯಲ್ಲಿ ಕುಳಿತ ಮೇಷ್ಟ್ರುಗಳು, ಅವರ ಕಾಲ ಬಳಿ ಚಕ್ಕಳಮಕ್ಕಳ ಹಾಕಿ ಕೂತ ಹತ್ತನೇ ತರಗತಿಯ ಹುಡುಗರು, ಆಗಸ್ಟ್ ಹದಿನೈದರ ಧ್ವಜ, ಕಬಡ್ಡಿ ತಂಡ, ವಾರ್ಷಿಕೋತ್ಸವದ ನಾಟಕ ಎಲ್ಲವೂ ಇದ್ದವು. ಕಚೇರಿ ಕೋಣೆಯ ಒಳಗೆ ತೆಗೆದ ಫೋಟೋ ಮಾತ್ರ ಒಂದೂ ಇರಲಿಲ್ಲ. ನಮ್ಮ ಗುಮಾಸ್ತರು ಒಂದೆರಡು ಫೋಟೋಗಳಲ್ಲಿ ಕೊನೆಯ ಸಾಲಿನ ತುದಿಗೆ ನಿಂತಿದ್ದಾರೆ. ಅವರು ದಿನವೂ ಕುಟ್ಟುತ್ತಿದ್ದ ಟೈಪ್‌ರೈಟರ್ ಎಲ್ಲೂ ಇಲ್ಲ. ನಮ್ಮ ಪ್ರಶ್ನೆಪತ್ರಿಕೆಗಳು ಹೊರಬರುತ್ತಿದ್ದ ಸೈಕ್ಲೋಸ್ಟೈಲ್ ಮಿಷನ್ನೂ ಇಲ್ಲ.

ಶಾಲೆಗೆ ಹೋಗಿ ಹಳೆಯ ಸ್ಟಾಕ್ ರಿಜಿಸ್ಟರ್ ತೆಗೆಸಿ ನೋಡಿದೆವು. ಡ್ಯೂಪ್ಲಿಕೇಟರ್ ಯಂತ್ರ 1, ಬೆರಳಚ್ಚು ಯಂತ್ರ 1 ಎಂದು ದುಂಡಗಿನ ಕೈಬರಹದಲ್ಲಿದೆ. ಎದುರಿನ ಷರಾ ಕಾಲಮ್ಮಿನಲ್ಲಿ ಬೇರೆ ಶಾಯಿಯಲ್ಲಿ ‘ನಿರುಪಯುಕ್ತ’ ಎಂದು ಬರೆದು ಸಹಿ ಹಾಕಿದ್ದಾರೆ. ಅಲ್ಲಿಗೆ ಅವುಗಳ ಕಥೆ ಮುಗಿದಿದೆ. ಫೋಟೋ ಇಲ್ಲದ ಮೇಲೆ ನೀನೇ ಚಿತ್ರ ಬರೆದುಕೊಡು, ಸಂಚಿಕೆಗೂ ಆಯಿತು, ಶಾಲೆಯ ಗೋಡೆಗೂ ಆಯಿತು ಎಂದು ಗೆಳೆಯರು ಹೇಳಿದರು. ಎರಡು ಭಾನುವಾರದ ಕೆಲಸವೆಂದು ಒಪ್ಪಿಕೊಂಡೆ. ಎಂಟು ತಿಂಗಳು ಹಿಡಿಯಿತು.

ನನ್ನ ಕಸುಬು ಗೊತ್ತಿಲ್ಲದವರಿಗಾಗಿ ಎರಡು ಮಾತು. ನಾನು ಲಗ್ನಪತ್ರಿಕೆ, ಅಂಗಡಿ ಬೋರ್ಡು, ಜಾತ್ರೆಯ ಫ್ಲೆಕ್ಸ್ ಮಾಡುವವನು. ಅದರ ಜೊತೆಗೆ ಕೆಲವು ವರ್ಷಗಳಿಂದ ಬೆಂಗಳೂರಿನ ಕಂಪನಿಗಳಿಗೆ ಕಂಪ್ಯೂಟರ್ ಪರದೆಯ ಮೇಲೆ ಬಳಸುವ ಸಣ್ಣ ಸಣ್ಣ ಚಿತ್ರಗಳನ್ನು ಬರೆದುಕೊಡುತ್ತೇನೆ. ಪ್ರಿಂಟರ್, ಫೈಲು, ಸ್ಟೇಪ್ಲರ್, ಕ್ಯಾಲ್ಕುಲೇಟರ್ ಇಂಥವು. ಇವನ್ನು ಫೋಟೋದ ಹಾಗೆ ಚುಕ್ಕೆಗಳಿಂದ ಮಾಡುವುದಿಲ್ಲ, ಗೆರೆಗಳಿಂದ ಕಟ್ಟುತ್ತೇವೆ. ಎರಡು ಬಿಂದು ಇಟ್ಟು, ನಡುವಿನ ಗೆರೆ ಯಾವ ಕಡೆಗೆ ಎಷ್ಟು ಬಾಗಬೇಕೆಂದು ಎಳೆದು ಹೇಳಬೇಕು. ಈ ಬಾಗಿದ ಗೆರೆಗೆ ಪಿಯರ್ ಬೆಜಿಯೆ ಎಂಬ ಫ್ರೆಂಚ್ ಇಂಜಿನಿಯರರ ಹೆಸರಿದೆ. ರೆನೋ ಕಾರ್ ಕಂಪನಿಯಲ್ಲಿ ಕಾರಿನ ಮೈಯ ಡೊಂಕುಗಳನ್ನು ಲೆಕ್ಕಕ್ಕೆ ತರಲು 1960ರ ದಶಕದಲ್ಲಿ ಅವರು ಬಳಸಿದ ಗಣಿತ ಅದು. ಇವತ್ತು ಹೊಸದುರ್ಗದ ಲಗ್ನಪತ್ರಿಕೆಯ ಬಾಳೆಕಂಬವೂ ಅದೇ ಗಣಿತದಲ್ಲಿ ಬಾಗುತ್ತದೆ. 1989ರಲ್ಲಿ ಬಂದ ಕೋರೆಲ್‌ಡ್ರಾ ನಮ್ಮ ಕಡೆಯ ಫ್ಲೆಕ್ಸ್ ಅಂಗಡಿಗಳಿಗೆಲ್ಲ ಅನ್ನ ಹಾಕಿದೆ. ದುಡ್ಡಿಲ್ಲದೆ ಸಿಗುವ ಇಂಕ್‌ಸ್ಕೇಪ್ 2003ರಲ್ಲಿ ಬಂತು. ಈ ಸಂಚಿಕೆಯ ಚಿತ್ರಗಳನ್ನು ಅದರಲ್ಲೇ ಬರೆದೆ.

ಫೋಟೋ ತೆಗೆಯುವವನಿಗೆ ಯಂತ್ರ ಗೊತ್ತಿರಬೇಕಾಗಿಲ್ಲ. ಗೆರೆ ಎಳೆಯುವವನಿಗೆ ಗೊತ್ತಿರಬೇಕು. ಈ ಸರಳು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ, ಈ ಹಿಡಿಕೆ ತಿರುಗಿಸಿದರೆ ಯಾವುದು ಮೇಲೇಳುತ್ತದೆ ಎಂಬುದು ತಿಳಿಯದಿದ್ದರೆ ಮೌಸ್ ಹಿಡಿದ ಕೈ ಅಲ್ಲೇ ನಿಂತುಬಿಡುತ್ತದೆ. ನನ್ನ ಕೈ ಮೊದಲ ಭಾನುವಾರವೇ ನಿಂತಿತು.

ಸೈಕ್ಲೋಸ್ಟೈಲಿನಿಂದ ಶುರು ಮಾಡಿದ್ದೆ. ನಮ್ಮ ಕಾಲದವರಿಗೆ ನೆನಪಿರಬಹುದು, ಪರೀಕ್ಷೆ ಹತ್ತಿರ ಬಂದಿತೆಂದು ನಮಗೆ ಮೊದಲು ಹೇಳುತ್ತಿದ್ದುದು ವೇಳಾಪಟ್ಟಿಯಲ್ಲ, ಕಚೇರಿ ಕಿಟಕಿಯಿಂದ ಬರುತ್ತಿದ್ದ ಶಾಯಿಯ ವಾಸನೆ. ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ಗುಮಾಸ್ತರು ಮತ್ತು ಜವಾನರು ಇಬ್ಬರೇ. ಪ್ರಶ್ನೆಪತ್ರಿಕೆಯಲ್ಲದ ಕೆಲಸಕ್ಕೆ, ಅಂದರೆ ಪೋಷಕರ ಸಭೆಯ ಆಹ್ವಾನ ಪತ್ರಕ್ಕೆ, ಒಮ್ಮೆ ನನ್ನನ್ನು ಒಳಗೆ ಕರೆದಿದ್ದರು. ಹೊರಬಂದ ಹಸಿ ಹಾಳೆಗಳು ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿ ಜೋಡಿಸುವುದು ನನ್ನ ಕೆಲಸ. ಅಂದು ಅಂಗಿಗೆ ಆದ ಶಾಯಿ ಕಲೆ ಆ ಅಂಗಿ ಹರಿಯುವವರೆಗೂ ಇತ್ತು.

ಸೈಕ್ಲೋಸ್ಟೈಲ್ ಎಂಬ ಹೆಸರು ಯಂತ್ರದ್ದಲ್ಲ, ಒಂದು ಲೇಖನಿಯದು. ಹಂಗೇರಿಯಿಂದ ಲಂಡನ್ನಿಗೆ ಬಂದು ನೆಲೆಸಿದ್ದ ಡೇವಿಡ್ ಗೆಸ್ಟೆಟ್ನರ್ 1881ರಲ್ಲಿ ತುದಿಗೆ ಹಲ್ಲಿನ ಪುಟ್ಟ ಚಕ್ರ ಇರುವ ಲೇಖನಿಯೊಂದನ್ನು ಮಾಡಿದ. ಮೇಣ ಹಚ್ಚಿದ ತೆಳು ಕಾಗದದ ಮೇಲೆ ಅದರಿಂದ ಬರೆದರೆ ಅಕ್ಷರದ ಜಾಡಿನಲ್ಲಿ ಸಣ್ಣ ತೂತುಗಳು ಬೀಳುತ್ತವೆ. ಆ ತೂತುಗಳ ಮೂಲಕ ಶಾಯಿ ಇಳಿದು ಕೆಳಗಿನ ಹಾಳೆಗೆ ಅಕ್ಷರ ಮೂಡುತ್ತದೆ. ನಮ್ಮ ಮನೆಯ ಮುಂದೆ ತೂತಿನ ಡಬ್ಬಿಯಿಂದ ರಂಗೋಲಿ ಹಾಕುತ್ತಿದ್ದುದೂ ಇದೇ ತತ್ವ. ಮುಂದೆ ಈ ಮೇಣದ ಹಾಳೆಯನ್ನು, ಅಂದರೆ ಸ್ಟೆನ್ಸಿಲ್ಲನ್ನು, ಸುತ್ತುವ ಉರುಳೆಗೆ ಹೊದಿಸಿ ಒಳಗಿನಿಂದ ಶಾಯಿ ಬಿಡುವ ಯಂತ್ರಗಳು ಬಂದವು. ಹಿಡಿಕೆ ಒಂದು ಸುತ್ತು ಬಂದರೆ ಹಾಳೆಯೊಂದು ಹೊರಗೆ. ಪ್ರಪಂಚದ ಶಾಲೆ, ಕಚೇರಿ, ಸಂಘ, ಚಳವಳಿಗಳೆಲ್ಲ ಸುಮಾರು ನೂರು ವರ್ಷ ಇದರಲ್ಲೇ ಕಾಗದ ಹಂಚಿದವು.

ಗುಮಾಸ್ತರು ಸ್ಟೆನ್ಸಿಲ್ ಹೊಡೆಯುವಾಗ ಟೈಪ್‌ರೈಟರಿನ ರಿಬ್ಬನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಬರಿಯ ಲೋಹದ ಅಕ್ಷರ ನೇರವಾಗಿ ಮೇಣಕ್ಕೆ ಬಡಿಯಬೇಕು. ಇಲ್ಲೊಂದು ಕಷ್ಟ ಇದೆ, ಅದು ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು. ಜೋರಾಗಿ ಹೊಡೆದರೆ ದುಂಡು ಅಕ್ಷರದ ಒಳಗಿನ ಕಾಗದ ಕಿತ್ತು ಬಿದ್ದುಹೋಗುತ್ತದೆ. ಸೊನ್ನೆ ಇದ್ದ ಕಡೆ ತೂತು, ತೂತಿದ್ದ ಕಡೆ ಶಾಯಿಯ ಮುದ್ದೆ. ಕನ್ನಡದಲ್ಲಿ ದುಂಡಗಿಲ್ಲದ ಅಕ್ಷರ ಎಷ್ಟಿವೆ ಹೇಳಿ? ಅದಕ್ಕೇ ಅನುಸ್ವಾರ ಬಂದಾಗ ಗುಮಾಸ್ತರು ಬೆರಳನ್ನು ಹಗುರ ಮಾಡುತ್ತಿದ್ದರು. ಹೊರಗೆ ಕೂತು ಕೇಳಿದರೂ ಆ ಒಂದು ಪೆಟ್ಟಿನ ಸದ್ದು ಬೇರೆಯಾಗಿ ತಿಳಿಯುತ್ತಿತ್ತು. ತಪ್ಪಾದರೆ ಕೆಂಪು ದ್ರವ ಹಚ್ಚಿ, ಊದಿ, ಒಣಗಿಸಿ, ಅದರ ಮೇಲೆ ಮತ್ತೆ ಹೊಡೆಯಬೇಕು. ಭೂಪಟ ಬೇಕಾದಾಗ ಡ್ರಾಯಿಂಗ್ ಮೇಷ್ಟ್ರು ಬಂದು ಮೊಂಡು ಸೂಜಿಯಂಥ ಕಡ್ಡಿಯಿಂದ ಸ್ಟೆನ್ಸಿಲ್ ಮೇಲೆ ಗೀಚುತ್ತಿದ್ದರು. ನಮ್ಮ ಕಾಲದ ಪ್ರಶ್ನೆಪತ್ರಿಕೆಯಲ್ಲಿ ಗುಜರಾತಿನ ಕಚ್ಛ್ ಭಾಗ ಯಾವಾಗಲೂ ಶಾಯಿಯಲ್ಲಿ ಮುಳುಗಿರುತ್ತಿತ್ತು. ಕಾಂಡ್ಲಾ ಬಂದರು ಗುರುತಿಸಿ ಎಂದರೆ ಆ ಕಪ್ಪಿನೊಳಗೆ ಎಲ್ಲಿ ಚುಕ್ಕೆ ಇಟ್ಟರೂ ಅಂಕ ಬರುತ್ತಿತ್ತು.

ಇಷ್ಟೆಲ್ಲ ನೆನಪಿದ್ದರೂ ಚಿತ್ರ ಮುಂದೆ ಹೋಗಲಿಲ್ಲ. ಸ್ಟೆನ್ಸಿಲ್ಲಿನ ತಲೆಯನ್ನು ಹಿಡಿಯುವ ಪಟ್ಟಿ ಉರುಳೆಯ ಎಲ್ಲಿತ್ತು, ಹಾಳೆ ಯಾವ ಕಡೆಯಿಂದ ಒಳಹೋಗುತ್ತಿತ್ತು ಎಂಬುದು ನೆನಪಾಗಲಿಲ್ಲ. ನಿವೃತ್ತ ಜವಾನರ ಮನೆಗೆ ಹೋದೆ. ಅವರಿಗೂ ಬಾಯಲ್ಲಿ ಹೇಳಲು ಬರಲಿಲ್ಲ. ಎದ್ದು ನಿಂತು, ಎದುರಿಗೆ ಮಿಷನ್ ಇದೆ ಎಂಬಂತೆ ಎಡಗೈಯಿಂದ ಹಾಳೆ ಒದರಿ ಇಟ್ಟು, ಬಲಗೈಯಿಂದ ಗಾಳಿಯಲ್ಲಿ ಹಿಡಿಕೆ ತಿರುಗಿಸಿದರು. ನಾಲ್ಕು ಸುತ್ತಿಗೊಮ್ಮೆ ಅವರ ಬಗ್ಗುವ ಕತ್ತು ಹೊರಬಂದ ಹಾಳೆಯನ್ನು ನೋಡುತ್ತಿತ್ತು. ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬಂದು, ಅವರ ಕೈ ಎಲ್ಲೆಲ್ಲಿ ಹೋಯಿತೋ ಅಲ್ಲಲ್ಲಿ ಯಂತ್ರದ ಭಾಗ ಇಟ್ಟೆ. ಈ ಸಂಚಿಕೆಯಲ್ಲಿರುವ ಡ್ಯೂಪ್ಲಿಕೇಟರ್ ಚಿತ್ರ ಹಾಗೆ ಬಂದದ್ದು.

ಟೈಪ್‌ರೈಟರ್ ಸುಲಭ ಎಂದುಕೊಂಡಿದ್ದೆ. ಇಂಟರ್‌ನೆಟ್ಟಿನಲ್ಲಿ ಅದರ ಸಾವಿರಾರು ಚಿತ್ರಗಳಿವೆ. 1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರಿದ ಮೊದಲ ಮಾದರಿಯಿಂದ ಹಿಡಿದು, 1955ರಲ್ಲಿ ನಮ್ಮ ದೇಶದಲ್ಲೇ ಗೋದ್ರೆಜ್ ತಯಾರಿಸಿದ ಯಂತ್ರದವರೆಗೆ ಯಾವುದು ಬೇಕಾದರೂ ಸಿಗುತ್ತದೆ. ಆದರೆ ನೋಡಿದವೆಲ್ಲ ಇಂಗ್ಲಿಷ್ ಕೀಲಿಗಳವೇ. ನಮ್ಮ ಗುಮಾಸ್ತರ ಮುಂದಿದ್ದುದು ಕನ್ನಡದ್ದು. ಅದೇ ದೊಡ್ಡ ವಿಷಯ. 1963ರ ರಾಜ್ಯಭಾಷಾ ಕಾಯಿದೆ ಕಾಗದದ ಮೇಲೆ ಬಂದರೂ, ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಕನ್ನಡದ ಯಂತ್ರ ಬಂದು ಕೂರುವವರೆಗೆ ಕನ್ನಡ ಆಡಳಿತ ಕೈಬರಹದಲ್ಲೇ ನಡೆಯಬೇಕಿತ್ತು. ಐವತ್ತಕ್ಕೂ ಕಡಿಮೆ ಕೀಲಿಗಳಲ್ಲಿ ಇಡೀ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಹಿಡಿಸುವುದು ಸಣ್ಣ ಕೆಲಸವಲ್ಲ. ಅದಕ್ಕೆ ಕೀಲಿಮಣೆ ರೂಪಿಸಿದ ಕೆ. ಅನಂತಸುಬ್ಬರಾಯರ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ಇದ್ದ ನೆನಪು ನನಗಿಲ್ಲ. ಅಕ್ಷರವನ್ನು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಕೀಲಿ ಕೊಟ್ಟು, ಕೆಲವು ಕೀಲಿ ಒತ್ತಿದರೆ ಗಾಡಿ ಮುಂದೆ ಸರಿಯದೆ ನಿಂತು ಹಿಂದಿನ ತುಂಡಿಗೆ ಜೋಡಣೆಯಾಗುವಂತೆ ಮಾಡಿದ ಉಪಾಯ ಅದು.

ಪಿಯುಸಿ ಮುಗಿಸಿ ನಾನೂ ಚಿತ್ರದುರ್ಗದಲ್ಲಿ ಟೈಪಿಂಗ್ ಕ್ಲಾಸಿಗೆ ಹೋಗಿದ್ದೆ. ಒಂದು ಗಂಟೆಯ ಪಾಳಿ, ಸಾಲಾಗಿ ಹತ್ತು ಹದಿನೈದು ಯಂತ್ರ, ಹೊರಗೆ ಸೈಕಲ್ಲುಗಳ ರಾಶಿ. ಸರ್ಕಾರಿ ಪರೀಕ್ಷೆಯಲ್ಲಿ ಜೂನಿಯರ್ ಪಾಸಾದರೆ ಎಲ್ಲಾದರೂ ಕೆಲಸ ಸಿಗುತ್ತದೆಂಬ ನಂಬಿಕೆ. ಈಗ ಚಿತ್ರ ಬರೆಯಲು ಕೂತಾಗ ಯಾವ ಕೀಲಿಯ ಮೇಲೆ ಯಾವ ಅಕ್ಷರ ಇತ್ತೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಎರಡೂ ಕೈ ಮೇಜಿನ ಮೇಲಿಟ್ಟು, ಮೊದಲ ಪಾಠದ ಅಭ್ಯಾಸವನ್ನು ಬಾಯಲ್ಲಿ ಹೇಳುತ್ತಾ ಬೆರಳಾಡಿಸಿದೆ. ತಲೆಗೆ ಮರೆತದ್ದು ಬೆರಳಿಗೆ ಮರೆತಿರಲಿಲ್ಲ. ಹೆಂಡತಿ ನೋಡಿ, ಇದೇನಿದು ಬರಿಯ ಮೇಜು ಕುಟ್ಟುತ್ತಾ ಕೂತಿದ್ದೀರಿ ಎಂದು ಗಾಬರಿಯಾದಳು.

ಕೀಲಿಗಳ ಮೇಲೆ ಇಂದಿನ ಕಂಪ್ಯೂಟರ್ ಫಾಂಟ್ ಹಾಕಿದೆ, ಸುಳ್ಳೆನಿಸಿತು. ಟೈಪ್‌ರೈಟರಿನಲ್ಲಿ ಅಗಲದ ಅಕ್ಷರಕ್ಕೂ ಸಣ್ಣ ಅಕ್ಷರಕ್ಕೂ ಒಂದೇ ಅಗಲದ ಜಾಗ. ಅದಕ್ಕೇ ಅಲ್ಲಿಯ ‘ಮ’ ಮೈ ಕುಗ್ಗಿಸಿ ಕೂತಿರುತ್ತದೆ, ‘ರ’ ಕೈಕಾಲು ಚಾಚಿರುತ್ತದೆ. ಹಳೆಯ ವರ್ಗಾವಣೆ ಪತ್ರವೊಂದನ್ನು ಸ್ಕ್ಯಾನ್ ಮಾಡಿ ಒಂದೊಂದೇ ಅಕ್ಷರದ ಮೇಲೆ ಗೆರೆ ಎಳೆದೆ. ಆ ಪತ್ರದ ಕೆಳಗೆ ಮುಖ್ಯೋಪಾಧ್ಯಾಯರ ಸಹಿ ಇತ್ತು. ಟೈಪ್ ಮಾಡಿದವರ ಹೆಸರು ಇರಲಿಲ್ಲ, ಇರುವುದಿಲ್ಲ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಅಪವಾದ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಎಲ್ಲರಿಗೂ ಗೊತ್ತು. ಅದರ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರನ ಹೆಸರಿದೆ, ಚಪಡ ಎಂದು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ, ‘ಲಿಪಿಕಾರ’ ಎಂಬರ್ಥದ ಆ ಕೊನೆಯ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದದ್ದು. ತನಗೆ ಎರಡು ಲಿಪಿ ಬರುತ್ತದೆಂದು ಯಾರಿಗೆ ತೋರಿಸಬೇಕೆಂದಿದ್ದನೋ. ಕಚೇರಿ ಕೆಲಸದವನೊಬ್ಬ ಎರಡು ಸಾವಿರದ ಇನ್ನೂರು ವರ್ಷಗಳಿಂದ ನಮ್ಮ ಜಿಲ್ಲೆಯ ಬಂಡೆಯ ಮೇಲೆ ಹೆಸರು ಉಳಿಸಿಕೊಂಡಿದ್ದಾನೆ. ಅವನ ನೆನಪಿಗೆ ನನ್ನ ಚಿತ್ರಗಳ ಸಾಲಿನಲ್ಲಿ ಒಂದು ಉಳಿ, ಒಂದು ಸುತ್ತಿಗೆಯನ್ನೂ ಸೇರಿಸಿದ್ದೇನೆ. ಸಮಿತಿಯವರು ಕೇಳಿದ ಪಟ್ಟಿಯಲ್ಲಿ ಅವು ಇರಲಿಲ್ಲ.

ಕಚೇರಿಯ ಸಾಮಾನುಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಚಿತ್ರವಾಗಿ ಇಡುವ ಪದ್ಧತಿಗೂ ಒಂದು ಚರಿತ್ರೆ ಇದೆ. ನಾವು ‘ಜೆರಾಕ್ಸ್ ಮಾಡಿಸ್ಕೊಂಡು ಬಾ’ ಎನ್ನುತ್ತೇವಲ್ಲ, ಆ ಜೆರಾಕ್ಸ್ ಕಂಪನಿಯೇ 1981ರಲ್ಲಿ ‘ಸ್ಟಾರ್’ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರ ಪರದೆಯ ಮೇಲೆ ಕಾಗದ, ಫೈಲು, ಬೀರು, ಬಂದ ಟಪಾಲಿನ ಬುಟ್ಟಿ, ಪ್ರಿಂಟರ್ ಎಲ್ಲವೂ ಪುಟ್ಟ ಚಿತ್ರಗಳು. ಗುಮಾಸ್ತನಿಗೆ ತನ್ನ ಮೇಜೇ ಎದುರಿಗಿದೆ ಅನ್ನಿಸಬೇಕೆಂಬುದು ಉದ್ದೇಶ. 1984ರ ಆಪಲ್ ಮ್ಯಾಕಿಂಟಾಷ್‌ಗೆ ಸೂಸಾನ್ ಕೇರ್ ಎಂಬ ಕಲಾವಿದೆ ಚೌಕುಳಿ ಕಾಗದದ ಮೇಲೆ ಉದ್ದಕ್ಕೆ 32, ಅಡ್ಡಕ್ಕೆ 32 ಚೌಕ ತುಂಬಿ ಇಂಥ ಚಿತ್ರಗಳನ್ನು ಮಾಡಿದರು. ನಮ್ಮ ತಾಯಂದಿರ ಕ್ರಾಸ್ ಸ್ಟಿಚ್ ಕಸೂತಿಯ ಲೆಕ್ಕವೇ ಅದು. ಫ್ಲಾಪಿ ಹೋಗಿ ಎಷ್ಟೋ ವರ್ಷವಾದರೂ ‘ಸೇವ್’ ಎನ್ನಲು ಫ್ಲಾಪಿಯ ಚಿತ್ರವೇ ಇದೆ. ಮೊಬೈಲಿನ ಎಮೋಜಿಗಳ ನಡುವೆ 2010ರಿಂದ ಫ್ಯಾಕ್ಸ್ ಯಂತ್ರ ಕೂತಿದೆ. ಹೊಳಲ್ಕೆರೆಯಲ್ಲಿ ಇವತ್ತು ಫ್ಯಾಕ್ಸ್ ಎಲ್ಲಿದೆ ಎಂದು ಕೇಳಿದರೆ ಹುಡುಗರು ನಗುತ್ತಾರೆ.

ಆದರೆ ಸಿದ್ಧ ಚಿತ್ರವನ್ನು ಬೇಕಾದಲ್ಲಿ ತಂದಿಡುವುದು ಕಂಪ್ಯೂಟರ್ ತಂದ ಹೊಸದೇನಲ್ಲ. ಹೊಸದುರ್ಗದಲ್ಲಿ ನಮ್ಮಪ್ಪ ನಡೆಸುತ್ತಿದ್ದ ಸಣ್ಣ ಅಚ್ಚುಕೂಟದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಅದರ ತುಂಬ ಬ್ಲಾಕುಗಳು. ಗಣಪತಿ, ಲಕ್ಷ್ಮಿ, ಪೂರ್ಣಕುಂಭ, ದೀಪದ ಕಂಬ, ವಾಲಗದವರ ಜೋಡಿ, ಓಟು ಕೇಳುವ ಮುಗಿದ ಕೈ. ಸತುವಿನ ತಗಡನ್ನು ಆಮ್ಲದಲ್ಲಿ ತಿನ್ನಿಸಿ ಮರದ ತುಂಡಿಗೆ ಬಡಿದ ಈ ಬ್ಲಾಕುಗಳು ಬೆಂಗಳೂರಿನಿಂದ ಪಾರ್ಸೆಲ್ಲಿನಲ್ಲಿ ಹೊಸದುರ್ಗ ರೋಡ್ ಸ್ಟೇಷನ್ನಿಗೆ ಬರುತ್ತಿದ್ದವು. ಹೆಸರಿಗೆ ಹೊಸದುರ್ಗ ರೋಡ್, ಊರಿಗೂ ಅದಕ್ಕೂ ಎಷ್ಟು ದೂರವೆಂದು ಸಾಮಾನು ಹೊತ್ತವರಿಗೇ ಗೊತ್ತು. ನಮ್ಮ ಸುತ್ತಲಿನ ಎಷ್ಟು ಮನೆಗಳ ಮದುವೆಗೆ ಅದೊಂದೇ ಗಣಪತಿ ಬಂದಿದ್ದಾನೋ ಲೆಕ್ಕವಿಲ್ಲ. ಸೊಂಡಿಲ ತುದಿ ಸವೆದುಹೋಗಿತ್ತು.

ಕನ್ನಡದ ಅಚ್ಚು ನಮ್ಮ ಕಡೆಗೆ ಬಂದದ್ದು ನಿಧಾನವಾಗಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಸೆರಾಂಪುರದಲ್ಲಿ. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ ತೆಗೆದರು. ಮರುವರ್ಷ ಅದು ಮೊಳೆಯಚ್ಚಿಗಾಗಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ನಮ್ಮ ಹಿರಿಯೂರಿನಿಂದ ಚಳ್ಳಕೆರೆ ದಾಟಿ ನೆಟ್ಟಗೆ ಹೋದರೆ ಸಿಗುವ ಬಳ್ಳಾರಿಯೇ ಅದು. 1903ರಲ್ಲಿ ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೇ ಸಂಪುಟ ಬಂತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಊರೂರಿನ ಕಲ್ಲುಗಳ ಮೇಲಿದ್ದುದು ಸೀಸದ ಅಕ್ಷರಕ್ಕೆ ಇಳಿಯಿತು. ಓದುವವರು ರೈಸ್ ಅವರನ್ನು ನೆನೆಯುತ್ತಾರೆ, ನೆನೆಯಬೇಕು. ನನಗೆ ಆ ಪುಟ ತೆರೆದಾಗ ಹಳಗನ್ನಡದ ಒತ್ತುಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಕಂಪೋಸಿಟರುಗಳ ಬೆನ್ನು ನೆನಪಾಗುತ್ತದೆ.

ನಮ್ಮಪ್ಪನ ಅಚ್ಚುಕೂಟದಲ್ಲಿ ಕಂಪೋಸಿಟರ್ ಒಬ್ಬರೇ. ನಾವು ಮಕ್ಕಳೆಲ್ಲ ಅವರನ್ನು ಮಾಮ ಎನ್ನುತ್ತಿದ್ದೆವು. ಅಪ್ಪ ಟ್ರೆಡಲ್ ತುಳಿಯುತ್ತಿದ್ದರು, ಮಾಮ ಮೊಳೆ ಜೋಡಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಡಿಟಿಪಿ ಕಲಿತು ಒಂದು ಕಂಪ್ಯೂಟರ್ ತಂದು ಅಲ್ಲೇ ಮೂಲೆಯಲ್ಲಿಟ್ಟೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತ್ತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಬೇರೆ ಕೀಲಿಯೇ ಬೇಡ. ವ್ಯಂಜನ, ನಡುವೆ ಒಂದು ಕೊಂಡಿ, ಮತ್ತೊಂದು ವ್ಯಂಜನ. ಮಾಮ ಇಡೀ ದಿನ ಜೋಡಿಸುತ್ತಿದ್ದ ಲಗ್ನಪತ್ರಿಕೆಯನ್ನು ನಾನು ಒಂದು ಗಂಟೆಯಲ್ಲಿ ಮುಗಿಸುತ್ತಿದ್ದೆ. ನಾನು ಕಂಪ್ಯೂಟರಿನಲ್ಲಿ ಬರೆದ ಮೊದಲ ಚಿತ್ರ ಆ ಸವೆದ ಗಣಪತಿ ಬ್ಲಾಕಿನದು. ಸೊಂಡಿಲ ತುದಿಯನ್ನು ಸರಿಮಾಡಿದ್ದೆ. ಅಪ್ಪನಿಗೆ ತೋರಿಸಿದಾಗ, ಚೆನ್ನಾಗಿದೆ ಎಂದಷ್ಟೇ ಹೇಳಿ ಟ್ರೆಡಲ್ಲಿಗೆ ಎಣ್ಣೆ ಬಿಡಲು ಹೋದರು.

ಅಪ್ಪ ತೀರಿಕೊಂಡ ಮರುವರ್ಷ ನಾನು ಎಲ್ಲವನ್ನೂ ಗುಜರಿಗೆ ಹಾಕಿದೆ. ಟ್ರೆಡಲ್ ಕಬ್ಬಿಣದ ಲೆಕ್ಕಕ್ಕೆ, ಮೊಳೆಗಳು ಹಳೆಯ ಬ್ಯಾಟರಿ ಸೀಸದ ಲೆಕ್ಕಕ್ಕೆ. ಕೇಸುಗಳನ್ನು ಮಗುಚಿ ಮೊಳೆಗಳನ್ನು ಗೋಣಿಚೀಲಕ್ಕೆ ಸುರಿದಾಗ ಜೋಳ ಸುರಿದ ಹಾಗೆ ಸದ್ದಾಯಿತು. ಚೀಲವನ್ನು ಮಾತ್ರ ಇಬ್ಬರಿಂದಲೂ ಎತ್ತಲಾಗಲಿಲ್ಲ. ಮಾಮ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ಕಸದ ನಡುವಿನಿಂದ ಕಂಪೋಸಿಂಗ್ ಸ್ಟಿಕ್ಕನ್ನು ಎತ್ತಿ ನನ್ನ ಕಂಪ್ಯೂಟರ್ ಮೇಜಿನ ಮೇಲಿಟ್ಟು ಹೊರಟುಹೋದರು. ಪ್ರೂಫ್ ನೋಡಲು ಕರೆಯುತ್ತೇನೆ ಮಾಮ ಎಂದು ಹೇಳಿದ್ದೆ. ಹಿರಿಯೂರಿಗೆ ಬಂದು ಅಂಗಡಿ ಹಾಕಿದೆ, ಕರೆಯಲಿಲ್ಲ. ಸ್ಟಿಕ್ಕು ಈಗಲೂ ನನ್ನ ಮೇಜಿನ ಮೇಲಿದೆ, ಗೆರೆ ಎಳೆಯಲು ಬಳಸುತ್ತೇನೆ.

ಶಾಲೆಯ ರಿಜಿಸ್ಟರಿನಲ್ಲಿ ಟ್ರೆಡಲ್ ಇರಲಿಲ್ಲ. ಆದರೆ ನಮ್ಮ ಶಾಲೆಯ ರಸೀದಿ ಪುಸ್ತಕ, ಪ್ರಗತಿಪತ್ರ, ಬೆಳ್ಳಿಹಬ್ಬದ ಕರಪತ್ರ ಎಲ್ಲ ಅಚ್ಚಾದದ್ದು ಅದರಲ್ಲೇ. ಅದನ್ನು ಬಿಟ್ಟು ಚಿತ್ರಮಾಲೆ ಮಾಡಲು ಮನಸ್ಸು ಬರಲಿಲ್ಲ. ಬರೆದೆ. ಬರೆದದ್ದು ಸರಿಯೋ ತಪ್ಪೋ ಹೇಳಬಲ್ಲವರು ಒಬ್ಬರೇ ಇದ್ದರು. ಹೊಳಲ್ಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿಯಿತು. ಬಸ್ಸಿಳಿದ ಮೇಲೂ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಟೀ ಕುಡಿಯುತ್ತಾ ಕೂತಿದ್ದೆ.

ಮಾಮ ಗುರುತು ಹಿಡಿದರು. ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ನಕ್ಕರು.

“ಅಕ್ಷರ ನೆಟ್ಟಗಿದಾವಲ್ಲಪ್ಪ. ಇದನ್ನ ಒತ್ತಿದ್ರೆ ತಿರುಗಾಮುರುಗಾ ಬರ್ತದೆ ಕಣೋ.”

ಮೊಳೆಯ ಮೇಲಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರಬೇಕು. ಅಚ್ಚುಕೂಟದಲ್ಲೇ ಬೆಳೆದ ನಾನು ಅದನ್ನೇ ಮರೆತು ಓದಲು ಬರುವಂತೆ ಬರೆದಿದ್ದೆ. ಊರಿನ ಒಂದು ಪ್ರೆಸ್ಸಿನಲ್ಲಿ ಬಿಲ್ ಪುಸ್ತಕಕ್ಕೆ ನಂಬರ್ ಒತ್ತಲು ಇನ್ನೂ ಒಂದು ಟ್ರೆಡಲ್ ಇಟ್ಟಿದ್ದಾರೆಂದು ಹೇಳಿ ಕರೆದುಕೊಂಡು ಹೋದರು. ನಡೆಯುವಾಗ ಅವರ ಒಂದು ಕಾಲು ಎಳೆಯುತ್ತಿತ್ತು. ಆಫ್‌ಸೆಟ್ ಯಂತ್ರದ ಹಿಂದೆ, ಕಾಗದದ ಕಟ್ಟುಗಳ ನಡುವೆ ಅದು ನಿಂತಿತ್ತು. ಅಮೆರಿಕದ ಜಾರ್ಜ್ ಗಾರ್ಡನ್ 1850ರ ದಶಕದಲ್ಲಿ ರೂಪಿಸಿದ ಮಾದರಿಯ ವಂಶದ್ದು. ಬಾಯಿಯಂತೆ ತೆರೆದು ಮುಚ್ಚುವ ಎರಡು ಹಲಗೆ, ಮೇಲೆ ಶಾಯಿಯ ದುಂಡು ತಟ್ಟೆ, ಪ್ರತಿ ಒತ್ತಿಗೂ ಸ್ವಲ್ಪ ಸ್ವಲ್ಪವೇ ತಿರುಗಿ ಶಾಯಿಯನ್ನು ಸಮ ಮಾಡಿಕೊಳ್ಳುವ ಜಾಣತನ. ಬಲಗೈಯಲ್ಲಿ ಹಾಳೆ ಇಡಬೇಕು, ಎಡಗೈಯಲ್ಲಿ ತೆಗೆಯಬೇಕು, ಒಂದು ಕಾಲು ತುಳಿಯುತ್ತಿರಬೇಕು, ಮೈಯ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ. ಬಾಯಿ ಮುಚ್ಚುವುದರೊಳಗೆ ಕೈ ಹೊರಬರಬೇಕು. ನಮ್ಮಪ್ಪನ ಎಡಗೈಯ ಕಿರುಬೆರಳು ಯಾಕೆ ಮೊಂಡಾಗಿತ್ತೆಂದು ಹಳೆಯ ಗಿರಾಕಿಗಳಿಗೆ ಗೊತ್ತು. ಮಾಮ ಕೆಳಗೆ ಬಗ್ಗಿ ತುಳಿಯುವ ಹಲಗೆಯನ್ನು ತೋರಿಸಿದರು. ನಾನು ನೇರ ಗೆರೆ ಎಳೆದಿದ್ದೆ. ಅದು ನಡುವೆ ಸವೆದು, ಪಾದದ ಆಕಾರಕ್ಕೆ ಗುಳಿ ಬಿದ್ದಿತ್ತು. ಚಿತ್ರದಲ್ಲಿ ಆ ಗೆರೆಗೆ ಒಂದು ಬಿಂದು ಹೆಚ್ಚಿಸಿ ಸ್ವಲ್ಪ ಬಗ್ಗಿಸಿದ್ದೇನೆ, ನೋಡಿ.

ಕೊನೆಗೆ ಕೇಸಿನ ಚಿತ್ರ. ಮೊಳೆಗಳನ್ನು ಖಾನೆ ಖಾನೆಯಾಗಿ ಇಡುವ ಮರದ ತಟ್ಟೆ. ಇಂಗ್ಲಿಷಿಗೆ ಎರಡು ಸಾಕು. ಕನ್ನಡಕ್ಕೆ ಗುಣಿತಾಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆ, ಒತ್ತುಗಳಿಗೆ ಬೇರೆ ಖಾನೆ, ನೂರಾರು ಆಗುತ್ತವೆ. ನಾನು ಖಾಲಿ ಚೌಕಗಳನ್ನು ಬರೆದುಕೊಂಡು ಹೋಗಿದ್ದೆ. ಮಾಮ ಕಣ್ಣು ಮುಚ್ಚಿ, ಬಲಗೈಯನ್ನು ಮುಂದಕ್ಕೆ ಚಾಚಿ, ಒಂದೊಂದು ಕಡೆಗೂ ಬೆರಳು ಕಳಿಸುತ್ತಾ ಹೇಳತೊಡಗಿದರು. ಹೆಚ್ಚು ಬೇಕಾಗುವವು ಕೈಗೆ ಹತ್ತಿರ, ‘ಝ’ದಂಥವು ದೂರದ ಮೂಲೆಗೆ. ನಾನು ತುಂಬಿಸುತ್ತಾ ಹೋದೆ. ಎರಡು ಗಂಟೆ ಆಯಿತು. ಮಗಳು ಟೀ ತಂದಿಟ್ಟು, ಅಪ್ಪ ಇಷ್ಟು ಮಾತಾಡಿದ್ದು ನೋಡಿ ಎಷ್ಟು ದಿನವಾಯ್ತೋ ಅಣ್ಣ ಎಂದರು.

ನಡುವೆ ಒಮ್ಮೆ ನಿಲ್ಲಿಸಿ ಮಾಮ ಕೇಳಿದರು.

“ಆವಾಗ ಎಷ್ಟಕ್ಕೆ ಹೋಯ್ತು ಅದೆಲ್ಲಾ?”

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಕೊನೇ ಸಲ ಹೊಸ ಅಕ್ಷರ ತರಿಸ್ದಾಗ ನಿಮ್ಮಪ್ಪ ತೆಂಗಿನ ತೋಟ ಅಡ ಇಟ್ಟಿದ್ರು. ನಿಂಗೆ ಹೇಳಿರ್ಲಿಲ್ಲ ಅನ್ಸುತ್ತೆ.”

ಹೇಳಿರಲಿಲ್ಲ. ನಾನು ಕಂಪ್ಯೂಟರ್ ತಂದದ್ದು ಅದಾಗಿ ಎರಡು ವರ್ಷಕ್ಕೆ ಎಂದು ಅಲ್ಲೇ ಲೆಕ್ಕ ಹಾಕಿದೆ. ಮಾಮ ಮತ್ತೆ ಕಣ್ಣು ಮುಚ್ಚಿ, ಎಲ್ಲಿಗೆ ನಿಲ್ಸಿದ್ವಿ, ‘ತ್ತು’ ಆಯ್ತಾ ಎಂದರು.

ಈ ಸಂಚಿಕೆಯಲ್ಲಿ ಒಟ್ಟು ಹನ್ನೆರಡು ಚಿತ್ರಗಳಿವೆ. ಅವುಗಳ ಮೂಲ ಫೈಲುಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಹಾಕಿ ಕೊಟ್ಟಿದ್ದೇನೆ. ಯಾರು ಬೇಕಾದರೂ ಬಳಸಬಹುದು, ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ. ಕೇಸಿನ ಚಿತ್ರದಲ್ಲಿ ಹನ್ನೊಂದು ಖಾನೆಗಳು ಖಾಲಿ ಉಳಿದಿವೆ. ಮಾಮನಿಗೆ ಅವು ನೆನಪಾಗಲಿಲ್ಲ, ಊಹೆಯಿಂದ ತುಂಬಬೇಡ ಎಂದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸಿದವರು, ಅವರ ಮಕ್ಕಳು ಈ ಸಂಚಿಕೆಯನ್ನು ಓದುವವರಲ್ಲಿ ಇರಬಹುದು. ಸಮಾರಂಭಕ್ಕೆ ಬಂದಾಗ ಕಚೇರಿಯ ಹೊರಗಿನ ಗೋಡೆಯಲ್ಲಿ ಆ ಚಿತ್ರದ ದೊಡ್ಡ ಪ್ರತಿ ಇರುತ್ತದೆ. ಅದರ ಪಕ್ಕದ ಮೊಳೆಗೆ ಒಂದು ಪೆನ್ಸಿಲ್ಲನ್ನು ದಾರ ಕಟ್ಟಿ ತೂಗುಹಾಕಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ.